ಮರ ಕಡಿದು ಗುಡಿ ಕಟ್ಟುವ ಮುನ್ನ

ಜಪಾನಿನ ಚಿತ್ರಕಾರ ಹಿರೋಶಿಗೆ 1856ರಲ್ಲಿ ರಚಿಸಿದ ಒಂದು ಮರದಚ್ಚಿನ ಚಿತ್ರದಲ್ಲಿ ದೇವಸ್ಥಾನ ಎಲ್ಲಿದೆ ಎಂಬುದನ್ನು ಹುಡುಕಿಯೇ ನೋಡಬೇಕು. ‘ಸುಮಿದಾ ನದಿ, ಜಲದೇವತೆಯ ತೋಪು ಮತ್ತು ಮಸ್ಸಾಕಿ’ ಎಂಬುದು ಚಿತ್ರದ ಹೆಸರು. ಬಲ ಅಂಚನ್ನು ಚೆರ್ರಿ ಮರವೊಂದರ ಒರಟು ಕಾಂಡ ಆಕ್ರಮಿಸಿಕೊಂಡಿದೆ. ಮೇಲುಗಡೆ ದಟ್ಟವಾದ ಎಸಳುಗಳ ಹೂಗೊಂಚಲು. ಅದರಾಚೆ ನೀಲಿ ನದಿ, ಅದರ ಮೇಲೆ ದೋಣಿಗಳು, ದಿಗಂತದಲ್ಲಿ ತ್ಸುಕುಬಾ ಬೆಟ್ಟ. ಕೆಳಗೆ, ಮರಗಳ ಗುಂಪಿನ ಬಳಿ, ಶಿಂತೋ ಗುಡಿಗಳ ಮುಂದೆ ನಿಲ್ಲಿಸುವ ‘ತೊರೀ’ ಎಂಬ ಹೆಬ್ಬಾಗಿಲು ಪುಟ್ಟದಾಗಿ ಕಾಣುತ್ತದೆ. ಜಲದೇವತೆಯ ಸನ್ನಿಧಾನ ಅದೇ. ನದಿಯನ್ನು ಕಾಯುವ ದೈವವೆಂದು ದೋಣಿಯವರು ನಂಬಿದ್ದ ಒಂದು ಶಕ್ತಿಕೇಂದ್ರವನ್ನು ಚಿತ್ರಿಸುವಾಗ ಕಲಾವಿದ ಕಟ್ಟಡಕ್ಕೆ ಕೊಟ್ಟ ಜಾಗ ಅಷ್ಟು ಕಡಿಮೆ.

ಇದೊಂದು ಆಕಸ್ಮಿಕ ವಿನ್ಯಾಸವಲ್ಲ. ‘ಎಡೋ ನಗರದ ನೂರು ಪ್ರಸಿದ್ಧ ನೋಟಗಳು’ ಎಂಬ ಅದೇ ಮಾಲಿಕೆಯಲ್ಲಿ 1857ರ ಇನ್ನೊಂದು ಚಿತ್ರವಿದೆ. ವರ್ಷದ ಕೊನೆಯ ರಾತ್ರಿ, ಬೋಳು ಮರವೊಂದರ ಬುಡದಲ್ಲಿ ನರಿಗಳು ಸೇರಿವೆ. ಒಂದೊಂದರ ಬಳಿಯೂ ಒಂದೊಂದು ಕಿಚ್ಚು. ಬೆಳೆಯ ದೇವತೆಯಾದ ಇನಾರಿಯ ದೂತರು ಅವು. ಅಲ್ಲಿಂದ ಅವು ಓಜಿ ಎಂಬಲ್ಲಿನ ಇನಾರಿ ಗುಡಿಗೆ ಹೋಗುತ್ತವೆ ಎಂದು ಜನಪದರ ನಂಬಿಕೆ. ಆ ರಾತ್ರಿ ಕಾಣುವ ಕಿಚ್ಚುಗಳ ಲೆಕ್ಕದ ಮೇಲೆ ರೈತರು ಮುಂದಿನ ಬೆಳೆಯನ್ನು ಅಂದಾಜು ಮಾಡುತ್ತಿದ್ದರಂತೆ. ಚಿತ್ರವನ್ನು ಆಳುವುದು ಆ ಮರ. ಗುಡಿಯಾದರೋ ಹಿಂದಿನ ಕತ್ತಲ ತೋಪಿನಲ್ಲಿ ಅಡಗಿದೆ. ಅರಮನೆಯ ಗೋಡೆಗಾಗಿ ಮಾಡಿದ ಚಿತ್ರಗಳಲ್ಲ ಇವು. ಪ್ರಕಾಶಕ, ಚಿತ್ರಕಾರ, ಅಚ್ಚು ಕೆತ್ತುವವ, ಮುದ್ರಿಸುವವ ಈ ನಾಲ್ವರ ದುಡಿಮೆಯಿಂದ ಸಾವಿರಾರು ಪ್ರತಿಗಳಲ್ಲಿ ಹೊರಬಂದು, ಪೇಟೆಯ ಸಾಮಾನ್ಯರು ಚಿಲ್ಲರೆ ಕಾಸಿಗೆ ಕೊಳ್ಳುತ್ತಿದ್ದ ಹಾಳೆಗಳು. 1855ರ ಭೂಕಂಪ ಎಡೋ ನಗರವನ್ನು ಕೆಡವಿದ ಮರುವರ್ಷವೇ ಈ ಮಾಲಿಕೆ ಆರಂಭವಾಯಿತು. ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಹಲಗೆ. ಹಲಗೆ ಚೆರ್ರಿ ಮರದ್ದು, ಕಾಗದ ‘ಕೋಜೊ’ ಎಂಬ ಗಿಡದ ತೊಗಟೆಯದು. ಇಷ್ಟಾಗಿ ಈ ಕೋಜೊ ನಮ್ಮ ಹಿಪ್ಪುನೇರಳೆಯ ದಾಯಾದಿ. ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು.

ಹಿಪ್ಪುನೇರಳೆಯ ಮಾತು ಬಂದುದರಿಂದ ನನ್ನ ಊರಿನ ಕಡೆಗೆ ತಿರುಗುವುದು ಸುಲಭವಾಯಿತು. ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯ ಒಂದು ಸಣ್ಣ ಹಳ್ಳಿ ನಮ್ಮದು. ರೇಷ್ಮೆ ಸೀಮೆಯ ಜನರಿಗೆ ಜಪಾನ್ ದೂರದ ದೇಶವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಕೆಲಸ ಕಲಿಸಲು ಬಂದವರು ಜಪಾನಿ ತಜ್ಞರು. 1990ರ ದಶಕದಲ್ಲಿ ದ್ವಿತಳಿ ರೇಷ್ಮೆಯನ್ನು ನಮ್ಮ ರೈತರ ಹುಳುಮನೆಗೆ ತಂದ ಯೋಜನೆಯ ಹಿಂದೆಯೂ ಜಪಾನಿನ ನೆರವು ಮತ್ತು ವಿಜ್ಞಾನಿಗಳಿದ್ದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬಿಳಿಗೂಡಿನ ಹರಾಜು ಕೂಗುವಾಗಲೆಲ್ಲ ಈ ಸಂಬಂಧದ ಒಂದು ಎಳೆ ಅಲ್ಲಿ ಇದ್ದೇ ಇರುತ್ತದೆ. ಹುಳು, ಸೊಪ್ಪು, ಚಂದ್ರಂಕಿಯ ವಿಷಯದಲ್ಲಿ ಅವರಿಂದ ಕಲಿತವರಿಗೆ ಗುಡಿ ಮತ್ತು ಮರದ ವಿಷಯದಲ್ಲೂ ಅವರ ಅನುಭವವನ್ನು ಕೇಳಿಸಿಕೊಳ್ಳಲು ಸಂಕೋಚ ಬೇಕಿಲ್ಲ.

ಹಾಗೆ ಹೇಳಲು ಕಾರಣವಿದೆ. ನಮ್ಮೂರಿನ ಅಮ್ಮನ ಗುಡಿಯ ಜೀರ್ಣೋದ್ಧಾರಕ್ಕೆ ಸಮಿತಿಯೊಂದು ರಚನೆಯಾಗಿದೆ. ಊರು ಬಿಟ್ಟು ನಗರ ಸೇರಿದ ನಮ್ಮಂಥವರಿಗೆಲ್ಲ ಕರಪತ್ರವೂ ಅಂದಾಜು ಪಟ್ಟಿಯ ನಕಲೂ ಬಂದಿವೆ. ಆಳೆತ್ತರದ ಕಲ್ಲಿನ ಗುಡಿಯ ಜಾಗದಲ್ಲಿ ಕಾಂಕ್ರೀಟಿನ ಗರ್ಭಗುಡಿ ಮತ್ತು ಮುಖಮಂಟಪ, ಮೂರು ಹಂತದ ಗೋಪುರ, ಸುತ್ತ ಗ್ರಾನೈಟ್ ಹಾಸು, ಸ್ಟೀಲ್ ಕಂಬಿ, ರಸ್ತೆಯಂಚಿಗೆ ಸ್ವಾಗತ ಕಮಾನು. ಪಟ್ಟಿಯಲ್ಲಿ ಮುಂದೆ ಎರಡು ಸಾಲುಗಳು ಒಂದರ ಕೆಳಗೊಂದು ಇವೆ. ಮೊದಲನೆಯದು, ‘ಆವರಣದ ಮರಗಳ ತೆರವು ಮತ್ತು ನೆಲ ಸಮತಟ್ಟು’. ಎರಡನೆಯದು, ‘ಭಕ್ತಾದಿಗಳ ನೆರಳಿಗಾಗಿ ತಗಡಿನ ಶೀಟಿನ ಚಾವಣಿ’. ಎರಡಕ್ಕೂ ಪ್ರತ್ಯೇಕ ಮೊತ್ತ ನಮೂದಾಗಿದೆ.

ತೆರವಾಗಬೇಕಾದ ಮರಗಳು ಯಾವುವು? ಕಟ್ಟೆಯ ಮೇಲಿನ ಅರಳಿ ಮತ್ತು ಬೇವು, ಹಿಂಭಾಗದ ನಾಲ್ಕು ಹುಣಸೆ, ಒಂದು ಹೊಂಗೆ, ಒಂದು ನೇರಳೆ. ಅರಳಿಗೂ ಬೇವಿಗೂ ಊರಿನವರೇ ಮದುವೆ ಮಾಡಿಸಿದ್ದಾರೆ. ಅವುಗಳ ಬುಡದಲ್ಲಿ ನಾಗರಕಲ್ಲುಗಳಿವೆ. ತಂಬಿಟ್ಟಿನ ದೀಪ ಹೊತ್ತು ಬರುವ ಹೆಂಗಸರು ಮೊದಲು ನಿಲ್ಲುವುದು ಗುಡಿಯ ಬಾಗಿಲಲ್ಲಿ ಅಲ್ಲ, ಆ ಕಟ್ಟೆಯ ಬಳಿ. ಮಕ್ಕಳ ಕೂದಲು ತೆಗೆಸುವುದು, ಹರಕೆಯ ಬಟ್ಟೆ ಕಟ್ಟುವುದು, ಪಂಚಾಯ್ತಿ ಸೇರುವುದು, ಜಾತ್ರೆಯ ದಿನ ಒಲೆ ಹೂಡಿ ಅಡುಗೆ ಮಾಡುವುದು ಎಲ್ಲವೂ ಮರದ ಕೆಳಗೆ. ಗುಡಿಯೊಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅಂದರೆ ನಮ್ಮ ಅಮ್ಮನ ಗುಡಿಯಲ್ಲಿ ಮಂಟಪದ ಕೆಲಸವನ್ನು ಇಷ್ಟು ಕಾಲವೂ ಮಾಡಿಕೊಂಡು ಬಂದದ್ದು ಈ ಎಂಟು ಮರಗಳು.

ಸಮಿತಿಯವರು ಮೂರ್ಖರೂ ಅಲ್ಲ, ಮರದ್ವೇಷಿಗಳೂ ಅಲ್ಲ. ಅವರೊಡನೆ ಕುಳಿತು ಮಾತನಾಡಿದ್ದೇನೆ. ಅರಳಿಯ ಬೇರು ಗುಡಿಯ ಗೋಡೆಯೊಳಗೆ ಇಳಿದು ಕಲ್ಲುಗಳನ್ನು ಸಡಿಲಿಸಿರುವುದು ನಿಜ. ಮಳೆಗಾಲದಲ್ಲಿ ಸೋರುವುದು ನಿಜ. ಹಕ್ಕಿಗಳ ಹಿಕ್ಕೆ, ಉದುರಿದ ಎಲೆ, ಕೊಂಬೆ ಮುರಿದು ಬೀಳುವ ಭಯ ಇವೆಲ್ಲ ಕಲ್ಪನೆಯಲ್ಲ. ಸಮಿತಿಯ ಒಬ್ಬ ಯುವಕ ನನಗೆ ಹೇಳಿದ ಮಾತನ್ನು ಇಲ್ಲಿ ದಾಖಲಿಸುವುದು ನ್ಯಾಯ: “ಅಣ್ಣಾ, ನೀವು ಬೆಂಗಳೂರಾಗೆ ಇದ್ದೀರ, ನಿಮಗೆ ಮರ ಚೆಂದ ಕಾಣ್ತೈತೆ. ದಿನಾ ಎಲೆ ಗುಡಿಸೋರು ನಾವು.” ಇದಕ್ಕೆ ಥಟ್ಟನೆ ಕೊಡುವ ಉತ್ತರ ನನ್ನಲ್ಲಿ ಇರಲಿಲ್ಲ.

ಇನ್ನೂ ಒಂದು ಸಂಗತಿಯಿದೆ. ನಗರದಲ್ಲಿ ಕುಳಿತು ಕಾಂಕ್ರೀಟ್ ಗೋಪುರಗಳನ್ನು ಹಳಿಯುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಶಾಸ್ತ್ರೋಕ್ತ ಗೋಪುರ, ಗ್ರಾನೈಟ್ ಪ್ರಾಕಾರ, ಉತ್ಸವಮೂರ್ತಿ ಇವೆಲ್ಲ ಶತಮಾನಗಳ ಕಾಲ ದೊಡ್ಡ ದೇವರುಗಳ ಸೊತ್ತಾಗಿದ್ದವು. ಊರಾಚೆಯ ಮರದಡಿಯ ಅಮ್ಮಂದಿರನ್ನು ಪೂಜಿಸಿಕೊಂಡು ಬಂದವರು ಬಹುತೇಕ ಆ ದೊಡ್ಡ ದೇವಸ್ಥಾನಗಳ ಹೊಸ್ತಿಲಾಚೆ ನಿಲ್ಲಬೇಕಾಗಿದ್ದ ಸಮುದಾಯಗಳು. ಅವರ ಮಕ್ಕಳು ನಾಲ್ಕು ಕಾಸು ಸಂಪಾದಿಸಿದಾಗ ‘ನಮ್ಮ ಅಮ್ಮನಿಗೂ ಒಂದು ಗೋಪುರ ಇರಲಿ’ ಎಂದು ಬಯಸಿದರೆ ಅದರಲ್ಲಿ ಭಕ್ತಿಯ ಜೊತೆಗೆ ಸ್ವಾಭಿಮಾನವೂ ಇದೆ. ‘ಹಳೆಯದೇ ಸುಂದರ, ಹಾಗೇ ಇಟ್ಟುಕೊಳ್ಳಿ’ ಎಂದು ಹೊರಗಿನವನು ಉಪದೇಶಿಸಿದರೆ ಅದು ಅವರ ಕಿವಿಗೆ ಹಳೆಯ ಅಪ್ಪಣೆಯಂತೆಯೇ ಕೇಳಿಸೀತು. ಗುಡಿ ಹೊಸದಾಗಲಿ, ಎತ್ತರವಾಗಲಿ ಎಂಬುದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಅಂದಾಜು ಪಟ್ಟಿಯ ಆ ಎರಡು ಸಾಲುಗಳ ಬಗ್ಗೆ ಮಾತ್ರ. ಮರಗಳನ್ನು ಗುಡಿಯ ಭಾಗವೆಂದು ಎಣಿಸದೆ, ಗುಡಿಗೆ ಅಡ್ಡವಾದ ವಸ್ತುವೆಂದು ಎಣಿಸಿದ ಆ ಲೆಕ್ಕದ ಬಗ್ಗೆ.

ಈ ಲೆಕ್ಕ ನಮ್ಮ ಭಾಷೆಗೇ ಹೊಸದು. ಕರಾವಳಿಯಲ್ಲಿ ನಾಗಬನವೆಂದರೆ ನಾಗನ ಗುಡಿ. ಬನ ಎಂಬ ಪದವೇ ದೇವಸ್ಥಾನಕ್ಕೆ ಹೆಸರಾಗಿದೆ. ಬಾದಾಮಿಯ ಬನಶಂಕರಿಗೆ ಬನದ ಹೆಸರು ಅಂಟಿಕೊಂಡಿದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕಾಡಿಗೂ ದೇವರಿಗೂ ನಡುವೆ ಅಲ್ಲಿ ಗೋಡೆಯಿಲ್ಲ. ಜಪಾನಿ ಭಾಷೆಯಲ್ಲೂ ಹೀಗೆಯೇ. ಎಂಟನೆಯ ಶತಮಾನದ ‘ಮನ್ಯೋಶೂ’ ಎಂಬ ಪ್ರಾಚೀನ ಪದ್ಯಸಂಕಲನದಲ್ಲಿ ದೇವಸ್ಥಾನವೆಂಬ ಅರ್ಥದ ಲಿಪಿಚಿಹ್ನೆಯನ್ನು ‘ಮೊರಿ’, ಅಂದರೆ ತೋಪು, ಎಂದು ಓದುವ ರೂಢಿಯಿದೆ. (ನಮ್ಮ ಬಯಲುಸೀಮೆಯಲ್ಲಿ ಮೋರಿಯೆಂದರೆ ಚರಂಡಿ. ಎಷ್ಟೋ ಗುಂಡುತೋಪುಗಳಿಗೆ ಕೊನೆಗೆ ಒದಗಿದ ಗತಿಯನ್ನು ನೋಡಿದರೆ ಈ ಧ್ವನಿಸಾಮ್ಯ ಅಷ್ಟೇನೂ ಅಸಂಗತವಲ್ಲ ಎನ್ನಿಸುತ್ತದೆ.) ಹಿರೋಶಿಗೆ ತನ್ನ ಚಿತ್ರಕ್ಕೆ ‘ಜಲದೇವತೆಯ ಗುಡಿ’ ಎನ್ನದೆ ‘ಜಲದೇವತೆಯ ಮೊರಿ’ ಎಂದು ಹೆಸರಿಟ್ಟದ್ದು ಈ ಹಿನ್ನೆಲೆಯಲ್ಲಿ. ಅವನಿಗೆ ಸನ್ನಿಧಾನವೆಂದರೆ ಆ ತೋಪು. ತೊರೀ ಅಲ್ಲಿಗೆ ಹೋಗುವ ಬಾಗಿಲು.

ಗುಂಡುತೋಪಿನ ಬಗ್ಗೆ ಒಂದು ಮಾತು. ಹಳೆಯ ಮೈಸೂರಿನ ಬಹುತೇಕ ಪ್ರತಿಯೊಂದು ಗ್ರಾಮದ ಕಂದಾಯ ದಾಖಲೆಯಲ್ಲೂ ಈ ಹೆಸರಿನ ಜಮೀನು ಕಾಣಿಸುತ್ತದೆ. ಹುಣಸೆ, ಮಾವು, ಹೊಂಗೆ, ಇಪ್ಪೆ, ನೇರಳೆಗಳನ್ನು ಊರ ಸಾರ್ವಜನಿಕ ಜಮೀನಿನಲ್ಲಿ ನೆಟ್ಟು, ದನಕರುಗಳಿಗೆ ನೆರಳು, ದಾರಿಹೋಕರಿಗೆ ತಂಗುದಾಣ, ಊರಿಗೆ ಹಣ್ಣಿನ ಹರಾಜಿನ ಹಣ ಎಂಬ ಲೆಕ್ಕಾಚಾರದಿಂದ ಬೆಳೆಸಿದ ಮರಗುಂಪುಗಳಿವು. ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ಅಮ್ಮನೋ ಮುನೇಶ್ವರನೋ ಕಾವಲಿಗೆ ಇರುತ್ತಿದ್ದರು. ಕೊಡಲಿಗೆ ಕಾನೂನಿನ ಭಯಕ್ಕಿಂತ ಅಮ್ಮನ ಭಯ ಹೆಚ್ಚು. ಕಾಲಕ್ರಮೇಣ ತೋಪು ಒತ್ತುವರಿಯಾಯಿತು, ನಿವೇಶನವಾಯಿತು, ಶಾಲೆಯ ಕೊಠಡಿಯೋ ಸಮುದಾಯ ಭವನವೋ ನೀರಿನ ಟ್ಯಾಂಕೋ ಬಂದು ಕುಳಿತಿತು. ಎಷ್ಟೋ ಹಳ್ಳಿಗಳಲ್ಲಿ ಉಳಿದಿರುವುದು ಅಮ್ಮನ ಸುತ್ತಲಿನ ಐದಾರು ಮರ ಮಾತ್ರ. ಒತ್ತುವರಿದಾರರು ಮುಟ್ಟಲು ಹೆದರಿದ ಆ ಕೊನೆಯ ಮರಗಳನ್ನು ಈಗ ಭಕ್ತರು ಕಡಿಯಲು ಹೊರಟಿದ್ದಾರೆ ಎಂಬುದೇ ನನ್ನ ಸಂಕಟ. ಮಳೆ ಕಡಿಮೆಯಾದ, ಕೊಳವೆಬಾವಿ ಸಾವಿರ ಅಡಿ ದಾಟಿದ, ಬೆಂಗಳೂರಿನ ಸಂಸ್ಕರಿತ ಕೊಳಚೆನೀರನ್ನು ಎಚ್.ಎನ್. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ತಂದು ಕೆರೆ ತುಂಬಿಸಿಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿ ನೂರು ವರ್ಷದ ಹುಣಸೆಯೊಂದು ಬೇಸಿಗೆಯಲ್ಲಿ ಹಸಿರಾಗಿ ನಿಲ್ಲುವುದು ಸಣ್ಣ ಸಂಗತಿಯಲ್ಲ.

ಜಪಾನಿನವರು ಹುಟ್ಟಾ ಪ್ರಕೃತಿಪೂಜಕರು, ಅವರಿಂದ ಇಂಥ ತಪ್ಪು ಆಗಲೇ ಇಲ್ಲ ಎಂಬ ಸುಂದರ ಕಥೆಯನ್ನು ನಂಬಬೇಕಾಗಿಲ್ಲ. 1906ರಲ್ಲಿ ಅಲ್ಲಿನ ಮೇಜಿ ಸರ್ಕಾರ ಸಣ್ಣಪುಟ್ಟ ಗುಡಿಗಳನ್ನು ಒಗ್ಗೂಡಿಸುವ ಆದೇಶ ಹೊರಡಿಸಿತು. ಊರಿಗೊಂದು ದೊಡ್ಡ, ವ್ಯವಸ್ಥಿತ, ಅರ್ಚಕರಿರುವ ದೇವಸ್ಥಾನ ಸಾಕು. ಮಿಕ್ಕ ಗುಡಿಗಳ ದೈವಗಳನ್ನು ಅಲ್ಲಿಗೆ ಸ್ಥಳಾಂತರಿಸಬೇಕು ಎಂಬುದು ಅದರ ಸಾರಾಂಶ. ಕೆಲವೇ ವರ್ಷಗಳಲ್ಲಿ ಸುಮಾರು 70 ಸಾವಿರ ಗುಡಿಗಳು ಕಣ್ಮರೆಯಾದವು. ಗುಡಿ ಹೋದ ಮೇಲೆ ಅದರ ತೋಪಿಗೆ ಯಾರ ಕಾವಲು? ಶತಮಾನಗಳ ಕರ್ಪೂರದ ಮರಗಳು, ದೇವದಾರು ಜಾತಿಯ ಮರಗಳು ನಾಟಾ ವ್ಯಾಪಾರಿಗಳ ಪಾಲಾದವು. ಆಡಳಿತದ ಸುಧಾರಣೆ, ದೇವಸ್ಥಾನಗಳ ಘನತೆ ಎಂಬ ಒಳ್ಳೆಯ ಮಾತುಗಳೇ ಈ ಕಡಿತಕ್ಕೆ ಮುಖವಾಡವಾದವು.

ಇದನ್ನು ಎದುರಿಸಿ ನಿಂತವರಲ್ಲಿ ಮುಖ್ಯನಾದವನು ವಾಕಾಯಾಮಾ ಪ್ರಾಂತ್ಯದ ಮಿನಾಕಾತಾ ಕುಮಾಗುಸು. ವಿಚಿತ್ರ ವ್ಯಕ್ತಿ. ಅಮೆರಿಕದಲ್ಲಿ ಅಲೆದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವರ್ಷಗಟ್ಟಲೆ ಓದಿ, ‘ನೇಚರ್’ ಪತ್ರಿಕೆಗೆ ಹತ್ತಾರು ಲೇಖನ ಬರೆದು, 1900ರಲ್ಲಿ ಊರಿಗೆ ಮರಳಿ, ಗುಡಿತೋಪುಗಳಲ್ಲಿ ಲೋಳೆಶಿಲೀಂಧ್ರಗಳನ್ನು ಹುಡುಕುತ್ತಿದ್ದ. ತೋಪುಗಳು ಬೀಳತೊಡಗಿದಾಗ ಅವನಿಗೆ ತನ್ನ ಪ್ರಯೋಗಶಾಲೆಯೇ ಹೋದಂತಾಯಿತು. ಆದರೆ ಅವನ ವಾದ ಅಷ್ಟಕ್ಕೇ ನಿಲ್ಲಲಿಲ್ಲ. ತೋಪು ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಬೆಳೆಗೆ ಕೀಟ ಬರುತ್ತದೆ. ಊರು ಸೇರುವ ಜಾಗ ಹೋದರೆ ಊರೇ ಚದುರುತ್ತದೆ ಎಂದು ಅಧಿಕಾರಿಗಳಿಗೆ, ವಿದ್ವಾಂಸರಿಗೆ ಪತ್ರದ ಮೇಲೆ ಪತ್ರ ಬರೆದ. ‘ಎಕಾಲಜಿ’ ಎಂಬ ಪದ ಆ ಪತ್ರಗಳಲ್ಲಿ ಬರುತ್ತದೆ, ಅದೂ 1911ರಷ್ಟು ಹಿಂದೆ. 1910ರಲ್ಲಿ ಅಧಿಕಾರಿಗಳಿದ್ದ ಸಭೆಯೊಂದಕ್ಕೆ ನುಗ್ಗಿ ಗಲಾಟೆ ಮಾಡಿ 18 ದಿನ ಬಂಧನದಲ್ಲಿಯೂ ಇದ್ದ. ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೊ ಅವನ ಪತ್ರಗಳನ್ನು ಅಚ್ಚು ಹಾಕಿಸಿ ಹಂಚಿದ. ಕೊನೆಗೆ 1920ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ಈ ನೀತಿಯನ್ನು ಕೈಬಿಡಬೇಕೆಂಬ ನಿರ್ಣಯ ಅಂಗೀಕರಿಸಿತು. ಅಷ್ಟರಲ್ಲಿ ಬೀಳಬೇಕಾದ ಮರಗಳು ಬಹುತೇಕ ಬಿದ್ದಾಗಿತ್ತು.

ಹಿರೋಶಿಗೆ ಚಿತ್ರಿಸಿದ ಜಲದೇವತೆಯ ತೋಪಿನ ಕಥೆಯೂ ಸುಖಾಂತವಲ್ಲ. ಸುಮಿದಾ ನದಿಯ ಆ ದಡದಲ್ಲಿ ಇಂದು ಎಕ್ಸ್‌ಪ್ರೆಸ್ ಹೆದ್ದಾರಿ ಹಾಯುತ್ತದೆ. ಬೆಂಕಿ ಅನಾಹುತಕ್ಕೆ ತಡೆಗೋಡೆಯಾಗಲೆಂದೇ ಕಟ್ಟಿದ ವಸತಿ ಸಮುಚ್ಚಯಗಳ ಸಾಲು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನಿಂತಿದೆ. ಗುಡಿ ಉಳಿದಿದೆ. ಚಿತ್ರದಲ್ಲಿರುವ ಬನ ಉಳಿದಿರುವುದು ಚಿತ್ರದಲ್ಲಿ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು.

ಅಂದಮೇಲೆ ಅವರಿಂದ ಕಲಿಯುವುದೇನು? ನನ್ನ ದೃಷ್ಟಿಯಲ್ಲಿ, ಕಳೆದುಕೊಂಡ ಮೇಲೆ ಅವರು ಮಾಡಿದ್ದನ್ನು. ಇಸೆ ಎಂಬಲ್ಲಿ ಶಿಂತೋ ಧರ್ಮದ ಅತ್ಯಂತ ಪವಿತ್ರ ದೇವಾಲಯವಿದೆ. ಅಲ್ಲಿ ಪ್ರತಿ 20 ವರ್ಷಕ್ಕೊಮ್ಮೆ ಗುಡಿಯನ್ನು ಪಕ್ಕದ ಜಾಗದಲ್ಲಿ ಹೊಸ ಮರದಿಂದ ಪುನಃ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. ಕಳೆದ ಬಾರಿ ಇದು ನಡೆದದ್ದು 2013ರಲ್ಲಿ, ಮುಂದಿನದು 2033ಕ್ಕೆ. ಜೀರ್ಣೋದ್ಧಾರವನ್ನು ಇಷ್ಟು ಶ್ರದ್ಧೆಯಿಂದ ಮಾಡುವವರು ಬೇರೆ ಯಾರಿದ್ದಾರೆ? ಆದರೆ ಅದಕ್ಕೆ ಬೇಕಾದ ಮರವನ್ನು ತಮ್ಮ ಕಾಡಿನಲ್ಲಿಯೇ ಬೆಳೆಸಿಕೊಳ್ಳಲು 1923ರಲ್ಲಿ ಅವರು 200 ವರ್ಷಗಳ ಯೋಜನೆ ಹಾಕಿದರು. ಕಟ್ಟಡದ ಆಯುಸ್ಸು 20, ಕಾಡಿನ ಲೆಕ್ಕ 200. ನಮ್ಮ ಸಮಿತಿಯ ಪಟ್ಟಿಯಲ್ಲಿ ಈ ಅನುಪಾತ ತಲೆಕೆಳಗಾಗಿದೆ. ಕಾಂಕ್ರೀಟು ಶಾಶ್ವತ, ಮರ ತಾತ್ಕಾಲಿಕ ಎಂದು ಅಲ್ಲಿ ಊಹಿಸಲಾಗಿದೆ. ಹಳ್ಳಿಯ ಗುತ್ತಿಗೆದಾರ ಹಾಕಿದ ಚಾವಣಿ ಎಷ್ಟು ವರ್ಷಕ್ಕೆ ಸೋರುತ್ತದೆ ಎಂಬುದು ಓದುಗರಿಗೆ ಗೊತ್ತಿರುವ ವಿಚಾರ.

ಎರಡನೆಯ ಉದಾಹರಣೆ ಟೋಕಿಯೊದ ಮೇಜಿ ದೇವಾಲಯ. ಚಕ್ರವರ್ತಿ ಮೇಜಿಯ ಸ್ಮಾರಕವಾಗಿ 1915ರಲ್ಲಿ ಕೆಲಸ ಆರಂಭವಾಗಿ 1920ರಲ್ಲಿ ಪ್ರತಿಷ್ಠಾಪನೆಯಾದ ಈ ದೇವಾಲಯದ ಹಿಂದೆ ಆ ಕಾಲದ ಉಗ್ರ ರಾಷ್ಟ್ರೀಯತೆಯ ರಾಜಕೀಯವಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಇಲ್ಲಿ ನಮಗೆ ಮುಖ್ಯವಾದುದು ಅದರ ಸುತ್ತಲಿನ ಸುಮಾರು 70 ಹೆಕ್ಟೇರ್ ಕಾಡು. ಆ ಜಾಗದಲ್ಲಿ ಹೇಳಿಕೊಳ್ಳುವಂಥ ಕಾಡು ಇರಲಿಲ್ಲ. ದೇಶದ ಮೂಲೆಮೂಲೆಗಳಿಂದ ಜನ ಕಾಣಿಕೆಯಾಗಿ ಕಳುಹಿಸಿದ ಸುಮಾರು ಒಂದು ಲಕ್ಷ ಮರಗಳನ್ನು ಅಲ್ಲಿ ನೆಡಲಾಯಿತು. ಪ್ರಧಾನಿ ಓಕುಮಾ ಶಿಗೆನೊಬುಗೆ ಇಸೆ, ನಿಕ್ಕೊಗಳಲ್ಲಿರುವಂತೆ ಗಗನಚುಂಬಿ ಸೀಡರ್ ಮರಗಳ ಗಂಭೀರ ಕಾಡು ಬೇಕಿತ್ತು. ಹೊಂಡಾ ಸೆಯಿರೊಕು ಮೊದಲಾದ ಅರಣ್ಯತಜ್ಞರು ಒಪ್ಪಲಿಲ್ಲ. ಈ ಮಣ್ಣಿಗೆ, ನಗರದ ಈ ಹೊಗೆಗೆ ಆ ಮರ ಬಾಳದು. ಈ ನೆಲದ ಅಗಲ ಎಲೆಯ ನಿತ್ಯಹಸಿರು ಮರಗಳೇ ಸರಿ. ನೂರು, ನೂರೈವತ್ತು ವರ್ಷದಲ್ಲಿ ಇದು ಮನುಷ್ಯನ ಆರೈಕೆಯಿಲ್ಲದೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಕಾಡಾಗುತ್ತದೆ ಎಂದು ವಾದಿಸಿ ಪ್ರಧಾನಿಯನ್ನು ಒಪ್ಪಿಸಿದರು. ನೂರು ವರ್ಷ 2020ಕ್ಕೆ ತುಂಬಿತು. ಅವರ ಲೆಕ್ಕ ಸರಿಯಾಗಿತ್ತು.

ಎಲೆ ಗುಡಿಸುವ ನಮ್ಮೂರ ಯುವಕನಿಗೆ ಉತ್ತರವೂ ಆ ದೇವಾಲಯದಲ್ಲಿದೆ. ಅಲ್ಲಿ ದಾರಿಯ ಮೇಲೆ ಬಿದ್ದ ಎಲೆಗಳನ್ನು ಗುಡಿಸಲು ಪ್ರತ್ಯೇಕ ಕೆಲಸಗಾರರಿದ್ದಾರೆ. ಉದ್ದ ಹಿಡಿಯ ದೊಡ್ಡ ಪೊರಕೆಗಳಿಂದ ದಿನವೂ ಗುಡಿಸಿದ ಎಲೆಯನ್ನು ಅವರು ಸುಡುವುದಿಲ್ಲ, ಹೊರಗೆ ಸಾಗಿಸುವುದೂ ಇಲ್ಲ. ಹಾಗೆಯೇ ಮರಗಳ ಬುಡಕ್ಕೆ ಹಿಂತಿರುಗಿಸುತ್ತಾರೆ. ಕಾಡಿಗೆ ಗೊಬ್ಬರ ಅದೇ. ಎಲೆ ಗುಡಿಸುವುದು ಅಲ್ಲಿ ಗೌರವದ ಕಾಯಕ. ಅದಕ್ಕೆ ಸಂಬಳವೂ ಇದೆ. ನಮ್ಮಲ್ಲಿ ಆ ಕೆಲಸ ಹೆಚ್ಚಾಗಿ ಯಾರದೋ ಮನೆಯ ಹೆಂಗಸರ ಮೇಲೆ, ಪುಕ್ಕಟೆಯಾಗಿ ಬೀಳುತ್ತದೆ. ಗೋಪುರದ ಬಣ್ಣಕ್ಕೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಗುಡಿಸುವವರ ಕೂಲಿಗೆ ಎತ್ತಿಟ್ಟರೆ ಮರದ ವಿರುದ್ಧದ ಅರ್ಧ ದೂರು ತೀರುತ್ತದೆ ಎಂದು ಸಮಿತಿಗೆ ಬರೆದಿದ್ದೇನೆ.

ಈ ಗುಡಿತೋಪುಗಳ ವಿಚಾರ ಸುತ್ತಿ ಬಳಸಿ ನಮ್ಮ ನಾಡಿಗೇ ಬಂದಿರುವ ಬಗೆಯಂತೂ ಸ್ವಾರಸ್ಯಕರವಾಗಿದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ (1928–2021) ಒಂದು ಪ್ರದೇಶದ ಸಹಜ ಸಸ್ಯವರ್ಗ ಯಾವುದೆಂದು ಅರಿಯಲು ಹಳೆಯ ಗುಡಿಗಳ ಸುತ್ತ ಉಳಿದಿದ್ದ ತುಂಡುಕಾಡುಗಳನ್ನು ಅಧ್ಯಯನ ಮಾಡಿದರು. ಬೇರೆಲ್ಲ ಕಡೆ ಮನುಷ್ಯ ನೆಟ್ಟ ಮರಗಳಿದ್ದಾಗ, ಮೂಲ ಸಸ್ಯಗಳು ಬದುಕಿದ್ದದ್ದು ದೇವರ ಆಶ್ರಯದಲ್ಲಿ. ಆ ತಿಳಿವಿನಿಂದ ಅವರು ಸ್ಥಳೀಯ ಜಾತಿಯ ಗಿಡಗಳನ್ನು ಒತ್ತೊತ್ತಾಗಿ ನೆಡುವ ವಿಧಾನವನ್ನು ರೂಪಿಸಿದರು. ಬೆಂಗಳೂರಿನ ಸಮೀಪದ ಬಿಡದಿಯಲ್ಲಿರುವ ಟೊಯೊಟಾ ಕಾರ್ಖಾನೆಯ ಆವರಣದಲ್ಲಿ ಆ ವಿಧಾನದಲ್ಲಿ ಕಾಡು ಬೆಳೆಸಲಾಯಿತು. ಅಲ್ಲಿ ಎಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ ಅದರಿಂದ ಪ್ರೇರಿತರಾಗಿ ಕೆಲಸ ಬಿಟ್ಟು 2011ರಲ್ಲಿ ಕಾಡು ಬೆಳೆಸುವ ಸಂಸ್ಥೆಯನ್ನೇ ಕಟ್ಟಿದರು. ಈಗ ‘ಮಿಯಾವಾಕಿ ಕಾಡು’ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಕಂಪನಿಗಳಿಗೂ ಪ್ರತಿಷ್ಠೆಯ ವಿಷಯ. ಹಣ ಕೊಟ್ಟು ಹೊಂಗೆ, ನೇರಳೆ, ಬೇವು, ಅತ್ತಿ ನೆಡಿಸುತ್ತಾರೆ. ಜಪಾನಿನ ಗುಡಿತೋಪಿನ ಪ್ರತಿರೂಪವನ್ನು ನಗರದಲ್ಲಿ ಕಾಸು ಕೊಟ್ಟು ಕೊಳ್ಳುತ್ತಿರುವ ಹೊತ್ತಿನಲ್ಲೇ, ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೆ ನಿಜವಾದ ಗುಡಿತೋಪಿನ ಹೊಂಗೆ ನೇರಳೆಗಳನ್ನು ತೆರವುಗೊಳಿಸಲು ಕಾಸು ಎತ್ತುತ್ತಿದ್ದೇವೆ. ಎರಡೂ ಕಡೆ ಚಂದಾ ಕೊಡುವವರು ಒಂದೇ ವರ್ಗದ ಜನ, ಹಲವು ಸಲ ಒಂದೇ ಮನೆಯವರು.

ಕಾನೂನು ಏನು ಹೇಳುತ್ತದೆ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಇದು ಅನ್ವಯ. ದೇವಸ್ಥಾನದ ಕೆಲಸವೆಂದರೆ ಈ ಅನುಮತಿಯ ನೆನಪು ಯಾರಿಗೂ ಬರುವುದಿಲ್ಲ, ಬಂದರೂ ಅಧಿಕಾರಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಗ್ರಾಮದ ಸಾರ್ವಜನಿಕ ಜಮೀನುಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿತ್ತು. 2024ರ ಡಿಸೆಂಬರಿನಲ್ಲಿ ರಾಜಸ್ಥಾನದ ದೇವರ ಬನಗಳ ಕುರಿತ ಪ್ರಕರಣದಲ್ಲಿ, ಅವುಗಳನ್ನು ಸಮೀಕ್ಷೆ ಮಾಡಿ ಅರಣ್ಯವೆಂದು ಅಧಿಸೂಚನೆ ಹೊರಡಿಸಲು ಆ ರಾಜ್ಯಕ್ಕೆ ನಿರ್ದೇಶಿಸಿ, ದೇಶಕ್ಕೆಲ್ಲ ಅನ್ವಯಿಸುವ ನೀತಿ ರೂಪಿಸುವಂತೆ ಕೇಂದ್ರಕ್ಕೂ ಶಿಫಾರಸು ಮಾಡಿತು. ಕರ್ನಾಟಕಕ್ಕೆ ಇದರಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ. ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಣೆಯಾದದ್ದು ನಮ್ಮ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು. 54 ಎಕರೆಯ ಆ ತೋಪಿನಲ್ಲೂ ಗುಡಿಯಿದೆ. ನಮ್ಮ ಸೀಮೆಯ ಹುಣಸೆಗೂ ದೈವಕ್ಕೂ ಇರುವ ನಂಟನ್ನು ಸರ್ಕಾರವೇ ಮೊಹರು ಹಾಕಿ ಒಪ್ಪಿದೆ. ಆದರೆ ಎಂಟು ಮರಗಳ ತೋಪಿಗೆ ಪಾರಂಪರಿಕ ತಾಣದ ಪಟ್ಟ ಸಿಗುವುದಿಲ್ಲ. ಅಂಥ ಸಾವಿರಾರು ತೋಪುಗಳನ್ನು ಉಳಿಸಬೇಕಾದದ್ದು ಬೇರೆ ಬಗೆಯ, ಸಣ್ಣ ನಿಯಮಗಳು.

ಉದಾಹರಣೆಗೆ, ಮುಜರಾಯಿ ಇಲಾಖೆಯಿಂದಲೋ ಬೇರೆ ಯಾವುದೇ ಸಾರ್ವಜನಿಕ ನಿಧಿಯಿಂದಲೋ ಜೀರ್ಣೋದ್ಧಾರಕ್ಕೆ ಹಣ ಕೊಡುವಾಗ, ಆವರಣದಲ್ಲಿರುವ ಪ್ರತಿಯೊಂದು ಮರವನ್ನೂ ನಕ್ಷೆಯಲ್ಲಿ ಗುರುತಿಸುವುದು ಕಡ್ಡಾಯವಾಗಲಿ. ಈಗ ನಕ್ಷೆಯಲ್ಲಿ ಮರವೇ ಇರುವುದಿಲ್ಲ. ಖಾಲಿ ಜಾಗದ ಮೇಲೆ ಗೆರೆ ಎಳೆದಿರುತ್ತಾರೆ. ಕಾಗದದ ಮೇಲೆ ಇಲ್ಲದ ಮರವನ್ನು ಕಡಿದರೆ ಕಡಿದ ದಾಖಲೆಯೂ ಇರುವುದಿಲ್ಲ. ಎರಡನೆಯದಾಗಿ, ಕಟ್ಟೆಯ ಸುತ್ತ ಗ್ರಾನೈಟ್, ಸಿಮೆಂಟ್ ಮೆತ್ತಿ ಬುಡವನ್ನು ಉಸಿರುಗಟ್ಟಿಸುವ ಪದ್ಧತಿ ನಿಲ್ಲಬೇಕು. ಕೊಡಲಿ ತಾಗದೆ ಐದಾರು ವರ್ಷಗಳಲ್ಲಿ ಮರ ಒಣಗುವುದು ಹೀಗೆಯೇ. ಆಗ ‘ದೇವರಿಚ್ಛೆ’ ಎನ್ನುತ್ತಾರೆ. ಬೇರು ನುಗ್ಗಿದ ಗೋಡೆಗೆ ಉಪಾಯ, ಹೊಸ ಗರ್ಭಗುಡಿಯನ್ನು ಹದಿನೈದು ಇಪ್ಪತ್ತು ಅಡಿ ಸರಿಸಿ ಕಟ್ಟುವುದು. ಅಮ್ಮನ ಕಲ್ಲನ್ನು ಕದಲಿಸಬಾರದು ಎಂಬ ಆಕ್ಷೇಪ ಬರುತ್ತದೆ, ಗೊತ್ತು. ಅಂದಾಜು ಪಟ್ಟಿಯ ಪ್ರಕಾರ ಹೇಗೂ ಕಲ್ಲನ್ನು ಕಳಾಕರ್ಷಣೆ ಮಾಡಿ ಬಾಲಾಲಯಕ್ಕೆ ಸ್ಥಳಾಂತರಿಸಿ, ಆಮೇಲೆ ಮರುಪ್ರತಿಷ್ಠೆ ಮಾಡಲಿದ್ದಾರೆ. ಕದಲಿಸಬಹುದಾದದ್ದು ಕಲ್ಲು. ಅರಳಿಯನ್ನು ಹಾಗೆ ಕದಲಿಸಲಾಗದು.

ಈ ಕೊನೆಯ ಮಾತನ್ನು ಸಮಿತಿಯ ಸಭೆಯಲ್ಲಿ ಹೇಳಿದಾಗ ಗಂಡಸರು ಯಾರೂ ಒಪ್ಪಲಿಲ್ಲ. ತಂಬಿಟ್ಟಿನ ದೀಪ ಹೊರುವ ಹಿರಿಯ ಹೆಂಗಸೊಬ್ಬರು ಮಾತ್ರ, “ಚೈತ್ರದಾಗೆ ಜಾತ್ರೆ ಕಣಪ್ಪಾ. ಆ ಬಿಸಿಲಾಗೆ ತಗಡಿನ ಕೆಳಗೆ ಯಾರು ಕೂತ್ಕೊಂತಾರೆ, ನೀವೇ ಕೂತ್ಕೊಳ್ಳಿ” ಎಂದರು. ಜೀರ್ಣೋದ್ಧಾರ ಸಮಿತಿಯ ಹನ್ನೊಂದು ಸದಸ್ಯರಲ್ಲಿ ಹೆಂಗಸರು ಒಬ್ಬರೂ ಇಲ್ಲ ಎಂಬುದು ನನಗೆ ಹೊಳೆದದ್ದು ಆಗ. ಸದ್ಯಕ್ಕೆ ಹಿಂಭಾಗದ ನಾಲ್ಕು ಹುಣಸೆಗಳನ್ನು ಪಟ್ಟಿಯಿಂದ ಬಿಟ್ಟಿದ್ದಾರೆ. ಅದರ ಹಣ್ಣಿನ ಹರಾಜಿನಿಂದ ಬರುವ ಹಣ ಅದಕ್ಕೆ ಕಾರಣ, ನನ್ನ ವಾದವಲ್ಲ. ಹೊಂಗೆ ಮತ್ತು ನೇರಳೆಯ ವಿಷಯ ಚರ್ಚೆಯಲ್ಲಿದೆ. ಅರಳಿ ಮತ್ತು ಬೇವಿನ ಅಳತೆ ತೆಗೆದುಕೊಂಡು ನಕ್ಷೆಯನ್ನು ಇನ್ನೊಮ್ಮೆ ಬರೆದು ತರಲು ಎಂಜಿನಿಯರಿಗೆ ತಿಳಿಸಲಾಗಿದೆ.